ಪಾಟ್ನಾದಿಂದ ಕಠಮಂಡುವಿಗೆ ಐವತ್ತು ನಿಮಿಷ

ಕಠಮಂಡು, ೯-೩-೧೯೭೬

ಸಂಶಿಯ ಅಕ್ಕನಿಗೆ ಶರಣಾರ್ಥಿ.

ಅವ್ವನೂ ನಾನೂ ನಿನ್ನೆ ಇಲ್ಲಿ ಇಳಿದೆವು. ಪಾಟ್ನಾದಿಂದ ವಿಮಾನದ ದಾರಿ ಸುಮಾರು ೨೩೫ ಕಿಲೋಮೀಟರು, ಹುಬ್ಬಳ್ಳಿ-ವಿಜಾಪುರದ ರೈಲುದಾರಿಗಿಂತ ಕಡಿಮೆ. ವೇಳಾಪಟ್ಟಿಯಲ್ಲಿ ಹೊರಡುವುದು ಹನ್ನೊಂದಕ್ಕೆ, ಮುಟ್ಟುವುದು ಹನ್ನೆರಡಕ್ಕೆ ಎಂದಿತ್ತು. ರೈಲು ತಡವಾಗಿ ಬಂದದ್ದರಿಂದ ಅವ್ವನ ಲಿಂಗಪೂಜೆ ಆಗಿರಲಿಲ್ಲ. ಪೂಜೆಯಾಗದೆ ಅವಳು ನೀರೂ ಮುಟ್ಟುವುದಿಲ್ಲ, ನಡುವೆ ಏಳುವುದೂ ಇಲ್ಲ. "ವಿಮಾನದಾಗ ಪೂರಾ ಒಂದು ತಾಸು ಸಿಗತೈತಿ" ಎಂದು ನಾನೇ ಹೇಳಿದೆ. ಅವಳು ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಅಲ್ಲಿಯೇ ಪೂಜೆಗೆ ಕೂತಳು.

ಇಲ್ಲಿಯ ಗಡಿಯಾರ ನಮ್ಮದಕ್ಕಿಂತ ಹತ್ತು ನಿಮಿಷ ಮುಂದೆ; ಪಟ್ಟಿಯ ಹನ್ನೆರಡು ಇಲ್ಲಿಯ ಹೊತ್ತು. ಅದು ನನಗೆ ತಿಳಿದಿರಲಿಲ್ಲ. ಐವತ್ತೇ ನಿಮಿಷಕ್ಕೆ ವಿಮಾನ ನೆಲ ಮುಟ್ಟಿತು. ಎಲ್ಲರೂ ಇಳಿದರು, ಅವ್ವ ಕಣ್ಣು ತೆರೆಯಲಿಲ್ಲ. ಪೂಜೆ ಮುರಿದಿದ್ದರೆ ಅಪಶಕುನವೆಂದು, ಅಪ್ಪ ಪಶುಪತಿನಾಥನಿಗೆ ಹೊತ್ತು ತೀರಿಸದೆ ಹೋದ ಹರಕೆಯನ್ನು ತೀರಿಸದೆ ಅವಳೂ ಮರಳುತ್ತಿದ್ದಳು. ಪೈಲಟ್ ಹೊರಗೆ ಬಂದು ನೋಡಿದರು. ನಾನು ಕೈಮುಗಿದೆ. ಅವರು ಟೋಪಿ ತೆಗೆದು ಹತ್ತು ನಿಮಿಷ ಕಾದರು.

ಅವ್ವ ಎದ್ದವಳೇ ಅವರಿಗೆ, "ನನ್ನ ಎಬ್ಬಿಸಲಿಲ್ಲಪಾ, ನಿನ್ನ ಹೊಟ್ಟಿ ತಣ್ಣಗಿರಲಿ" ಎಂದಳು. ನನಗೆ ಮಾತ್ರ, "ದಿನಾ ಪೇಪರ್ ಓದತಿ, ಹತ್ತು ಮಿನಿಟು ಎಲ್ಲಿ ಕಳದಿಲೇ?"

ಸಂಜೆ ಪಶುಪತಿನಾಥನಿಗೆ ಅಪ್ಪನ ಹೆಸರಿನ ಬಿಲ್ವಪತ್ರಿ ಏರಿಸಿದೆವು. ಅವ್ವನ ಕಾಲು ಬಾತಿದೆ, ಜ್ವರವಿಲ್ಲ. ಮಾವನವರಿಗೂ ಓದಿ ಹೇಳು.

ರಾತ್ರಿ ನನ್ನ ಕೈಗಡಿಯಾರವನ್ನು ಇಲ್ಲಿಯ ಹೊತ್ತಿಗೆ ತಿರುವಲು ಹೋದೆ. ಅವ್ವ ಕೈ ಹಿಡಿದಳು. "ನಿಮ್ಮಪ್ಪ ಕಟ್ಟಿಕೊಂಡಿದ್ದ ಗಡಿಯಾರ ಅದು. ನಮ್ಮೂರ ಹೊತ್ತಿಗೇ ಇರ್ಲಿ."

ಕಾಗದದಲ್ಲಿ ಜಾಗ ಮುಗಿಯಿತು.

ಕುಬೇರಪ್ಪ