ಸುಗ್ರಾ ಅಲುಗಾಡಲಿಲ್ಲ

ಹಿರಿಯೂರು, ಗುರುವಾರ

ಡಾಕ್ಟರ್ ಸಾಹೇಬರಿಗೆ ಟೈಲರ್ ಹಜರತ್ ಅಲಿಯ ಸಲಾಂ.

ಹೋದ ತಿಂಗಳು ನನ್ನ ಹೆಂಡತಿ ಸುಗ್ರಾಳಿಗೆ ಪೇಸ್‌ಮೇಕರ್ ಕೂರಿಸಲು ಹೋಗಿ ಅರ್ಧಕ್ಕೆ ನಿಲ್ಲಿಸಿದಿರಿ. "ಏನಮ್ಮಾ, ಅಲುಗಾಡಿ ಎಲ್ಲಾ ಕೆಡಿಸಿದ್ಯಲ್ಲ" ಅಂದಿರಿ. ಡಿಸ್ಚಾರ್ಜ್ ಚೀಟಿಯಲ್ಲೂ ಅದನ್ನೇ ಬರೆದಿರಿ.

ಚಿತ್ರದುರ್ಗದಲ್ಲಿ ಸ್ಕ್ಯಾನ್ ಮಾಡಿಸಿದೆವು. ಹೃದಯಕ್ಕೆ ಮೇಲಿನಿಂದ ಇಳಿಯುವ ದೊಡ್ಡ ರಕ್ತನಾಳ ಅವಳಿಗೆ ಹುಟ್ಟಿನಿಂದಲೇ ಬಲಗಡೆ ಇಲ್ಲ, ಎಡಗಡೆ ಇದೆ. ರಕ್ತನಾಳದೊಳಗೆ ನೀವು ತೂರಿಸಿದ ಪೇಸ್‌ಮೇಕರ್ ತಂತಿ ದಾರಿ ತಪ್ಪಿದ್ದು ಅದಕ್ಕೆ. ಅದು ನಿಮ್ಮ ತಪ್ಪಲ್ಲ ಎಂದು ಒಪ್ಪುತ್ತೇನೆ. ಅವಳ ತಪ್ಪು ಹೇಗಾಯಿತು?

ಎರಡೂ ಭುಜ ಒಂದೇ ಸಮ ಇರುವವರನ್ನು ನಾನು ಕಂಡದ್ದು ಕಡಿಮೆ. ರವಿಕೆ ಕೂರದಿದ್ದರೆ ಹೊಲಿಗೆ ಬಿಚ್ಚುತ್ತೇನೆ. ಅಳತೆಗೆ ನಿಂತಾಗ ನೀವು ಅಲುಗಾಡಿದಿರಿ ಎಂದು ಯಾವ ಗಿರಾಕಿಗೂ ಹೇಳಿಲ್ಲ.

ಚಿತ್ರದುರ್ಗದ ವೈದ್ಯರು ಸೋಮವಾರ ಪೇಸ್‌ಮೇಕರ್ ಕೂರಿಸುತ್ತಾರೆ. ಸುಗ್ರಾಳ ನಾಡಿ ಮೂವತ್ತಾರಕ್ಕೆ ಇಳಿದಿದೆ. ಆದರೂ ಅವಳು ಹೊರಡುತ್ತಿಲ್ಲ. "ಡಾಕ್ಟ್ರು ಸುಳ್ಳು ಬರೀತಾರೇನ್ರೀ? ಅಲುಗಾಡ್ದೆ ಇರೋದು ಕಲ್ತ ಮ್ಯಾಲೆ ಹೋಗಾಣ" ಎನ್ನುತ್ತಾಳೆ. ಕಲಿಯಲೆಂದು ಎಡಗೈಯನ್ನು ದುಪಟ್ಟಾದಿಂದ ಮಂಚಕ್ಕೆ ಕಟ್ಟಿಕೊಂಡು ಮಲಗಿದ್ದಾಳೆ. ನಾನು ಬಿಚ್ಚಿದರೆ ಮತ್ತೆ ಕಟ್ಟಿಕೊಳ್ಳುತ್ತಾಳೆ.

ಚೀಟಿಯನ್ನು ಇದರೊಂದಿಗೆ ಇಟ್ಟಿದ್ದೇನೆ. ಆ ಸಾಲನ್ನು ನಿಮ್ಮ ಕೈಯಿಂದಲೇ ಹೊಡೆದುಹಾಕಿ, ಸಹಿ ಮಾಡಿ, ಈ ಪತ್ರ ತಂದಿರುವ ನನ್ನ ಮಗಳು ಮಹ್ವಿಶ್‌ಗೆ ಕೊಡಿ. ಕೊಡುವವರೆಗೆ ಅವಳು ನಿಮ್ಮ ಬಾಗಿಲಲ್ಲೇ ಕೂತಿರುತ್ತಾಳೆ. ಅವಳೂ ಅಲುಗಾಡುವುದಿಲ್ಲ.

ಇಂತಿ,
ಹಜರತ್ ಅಲಿ