ಹಾಲು ಇಳಿಸಿ ಬರುತ್ತೇನೆ

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ಗುಬ್ಬಿ ನಿನ್ನ ಮನೆ ಸೇರಿದಳೆಂದು ಪಕ್ಕದ ಮನೆಯ ಟೈಲರಮ್ಮ ಹೇಳಿದರು. ಹೋದ ಜೀವ ಬಂದಂತಾಯಿತು. ನೀನು ಅವರಿಗೆ ಫೋನ್ ಮಾಡಿದ್ದು ಒಳ್ಳೆಯದಾಯಿತು. ನನ್ನ ಫೋನು ಕೆಟ್ಟು ಕೂತಿದೆ. ತಮ್ಮ ಫೋನಿನಲ್ಲೇ ಮಾತಾಡು ಎಂದರು. ನಿನ್ನ ದನಿ ಕೇಳಿದರೆ ಅತ್ತುಬಿಡುತ್ತೇನೆ, ಬೇಡ ಎಂದೆ. ಬಟ್ಟೆ ತರಲು ಇವತ್ತು ಅವರು ನಿಮ್ಮ ಕಡೆಗೇ ಬರುವುದರಿಂದ ಈ ಕಾಗದ.

ಮಗಳು ನಿನಗೆ ಎಷ್ಟು ಹೇಳಿದಳೋ ಗೊತ್ತಿಲ್ಲ. ನರ್ಸಿಂಗ್ ತರಬೇತಿಗೆ ಸೀಟು ಸಿಕ್ಕಿದೆ ಎಂದು ಅಪ್ಪನ ಮುಂದೆ ನಿಂತಳು. ಇವರು ಊಟದ ತಟ್ಟೆಯಿಂದ ತಲೆ ಎತ್ತದೆ, "ಮುಂದಿನ ವರ್ಷ ನೋಡೋಣ" ಅಂದರು. ನಾನಾಗಿದ್ದರೆ ಸುಮ್ಮನಾಗುತ್ತಿದ್ದೆ. ಅವಳು, "ಹಾಗಾದ್ರೆ ಅಮ್ಮಂಗೆ ಹೊಡೆಯೋದನ್ನೂ ಮುಂದಿನ ವರ್ಷಕ್ಕೆ ಹಾಕಿ" ಅಂದುಬಿಟ್ಟಳು.

ನನಗೆ ಒಂದು ಕ್ಷಣ ನಗು ಬಂತು ಅಕ್ಕ. ಆಮೇಲೆ ನಡೆದದ್ದನ್ನು ಬರೆಯುವುದಿಲ್ಲ. ಅವಳನ್ನು ಒಳಗಿನ ಕೋಣೆಗೆ ನೂಕಿ, ಬೀಗ ತಿರುಗಿಸಿ, ಕೀಲಿ ಜೇಬಿಗಿಟ್ಟು ಇವರು ತಮ್ಮ ಬೀಗದ ಅಂಗಡಿಗೆ ಹೋದರು. ಬೀದಿಯಲ್ಲಿ ಯಾರ ಬಾಗಿಲು ಸಿಕ್ಕಿಕೊಂಡರೂ ಇವರನ್ನೇ ಕೂಗುತ್ತಾರೆ. ಎಂಥ ಬೀಗವಾದರೂ ಗಲಾಟೆಯಿಲ್ಲದೆ ತೆಗೆದುಕೊಡುತ್ತಾರೆ. "ನಿಮ್ಮ ಯಜಮಾನ್ರು ದೇವರಂಥವರು" ಎಂದು ಹೆಂಗಸರು ನನಗೆ ಹೇಳುತ್ತಾರೆ. ನಾನು ಹೂಂ ಎನ್ನುತ್ತೇನೆ.

ಅವತ್ತು ನಾನು ಕೆಲಸಕ್ಕೆ ಹೋಗಲಿಲ್ಲ. ಆಸ್ಪತ್ರೆಯ ಹಾಸಿಗೆ ಬಟ್ಟೆಗಳು ಇಸ್ತ್ರಿಗೆ ರಾಶಿ ಬಿದ್ದಿರುತ್ತವೆ ಎಂದು ಗೊತ್ತಿದ್ದರೂ ಆ ಬಾಗಿಲಿಗೆ ಬೆನ್ನು ಕೊಟ್ಟು ಕೂತೆ. ಅವಳು ಒಳಗಿನಿಂದ ನನ್ನನ್ನು ಕೇಳಿದಳು, "ಅಮ್ಮ, ನಾವು ದೊಡ್ಡಮ್ಮನ ಮನೆಗೆ ಯಾವಾಗ ಹೋಗೋದು?" ಚಿಕ್ಕವಳಿದ್ದಾಗಿನಿಂದ ಕೇಳುತ್ತಿರುವ ಮಾತು. ನೀನು ನಿನ್ನ ಮನೆಯ ಮೇಲಿನ ಕೋಣೆ ಖಾಲಿ ಮಾಡಿಸಿ, "ಬಾ" ಎಂದಾಗ ಅವಳಿನ್ನೂ ಮೊಲೆಹಾಲು ಬಿಟ್ಟಿರಲಿಲ್ಲ, ಬಿಡಲಿ ಎಂದೆ. ಆಮೇಲೆ ಶಾಲೆ ಶುರುವಾಗಲಿ ಎಂದೆ. ಅಷ್ಟರಲ್ಲಿ ಅತ್ತೆ ಹಾಸಿಗೆ ಹಿಡಿದರು. ಅವರ ಮೈ ಒರೆಸುವಾಗ ಒಂದು ದಿನ ನನ್ನ ಕೈಹಿಡಿದು, "ನಾನೂ ಹೀಗೇ ಕಾದೆ ಕಣೆ, ಇವನ ಅಪ್ಪ ಸುಧಾರಿಸ್ತಾನೆ ಅಂತ" ಅಂದರು. ಆ ಮುದುಕಿಯನ್ನು ಬಿಟ್ಟು ಹೇಗೆ ಬರಲಿ? ಅವರು ಹೋದ ಮೇಲೆ ಗುಬ್ಬಿಯ ಪರೀಕ್ಷೆ. ನಾಳೆ ಎಂದವನ ಮನೆ ಹಾಳು ಎಂದು ಅಮ್ಮ ಹೇಳುತ್ತಿದ್ದಳು. ಮನೆ ಹಾಳಾಗದಿರಲೆಂದೇ ನಾನು ನಾಳೆ ಎನ್ನುತ್ತಿದ್ದೆ.

"ಅಪ್ಪನ ಸಿಟ್ಟು ಇಳೀಲಿ, ಆಮೇಲೆ ಹೋಗೋಣ" ಅಂದೆ. ಎದ್ದು ಒಲೆಯ ಮೇಲೆ ಹಾಲಿಟ್ಟು ಬಂದೆ. ಸ್ವಲ್ಪ ಹೊತ್ತಿಗೆ, ಒಳಗಿನಿಂದಲೂ ಕೀಲಿ ತೂರುವ ಆ ಬೀಗದೊಳಗೆ ಕಿರಕಿರ ಸದ್ದು. ತಲೆಗೂದಲ ಪಿನ್ನಿನಿಂದ ಬೀಗದ ಹಲ್ಲುಗಳನ್ನು ಒಂದೊಂದಾಗಿ ಎತ್ತುವುದನ್ನು, ಅವಳು ಮೊಣಕಾಲೆತ್ತರ ಇದ್ದಾಗ ಇವರೇ ತೊಡೆಯ ಮೇಲೆ ಕೂರಿಸಿಕೊಂಡು ಕಲಿಸಿದ್ದರು. ಒಳ್ಳೆಯ ದಿನಗಳೂ ಇದ್ದವು ಅಕ್ಕ.

ಬಾಗಿಲು ತೆರೆಯಿತು. ಒಂದು ಕೆನ್ನೆ ಊದಿತ್ತು, ಹೆಗಲಲ್ಲಿ ಚೀಲ. ಬೀದಿ ಬಾಗಿಲನ್ನೂ ತೆರೆದು ಮೆಟ್ಟಿಲ ಮೇಲೆ ನಿಂತು ನನ್ನ ಕಡೆ ಕೈ ಚಾಚಿದಳು. "ಬಾಮ್ಮ. ಈಗ." ನಾನು ಚಪ್ಪಲಿ ಮೆಟ್ಟಿದೆ. ನಿಜವಾಗಿಯೂ ಮೆಟ್ಟಿದೆ. ಆಗ ಹಾಲು ಉಕ್ಕುವ ವಾಸನೆ ಬಂತು. "ನೀನು ನಡೀತಿರು, ಹಾಲು ಇಳಿಸಿ ಬರ್ತೀನಿ" ಅಂದೆ.

ಇಳಿಸಿದೆ. ಒಲೆಯ ಸುತ್ತ ಚೆಲ್ಲಿದ್ದನ್ನು ಒರೆಸಿದೆ. ಬಟ್ಟೆ ಹಿಂಡಿ ಒಣಹಾಕಿದೆ. ಅವಳು ತಿರುವಿನಲ್ಲಿ ಬಹಳ ಹೊತ್ತು ನಿಂತಿದ್ದಳಂತೆ, ಟೈಲರಮ್ಮ ನೋಡಿದರಂತೆ. ನಾನು ಕೈ ಒರೆಸಿಕೊಂಡು ಹೊರಬರುವಷ್ಟರಲ್ಲಿ ಮೆಟ್ಟಿಲ ಮೇಲೆ ಇವರು ನಿಂತಿದ್ದರು. ನನ್ನ ಕಾಲಿನ ಚಪ್ಪಲಿಯನ್ನೇ ನೋಡಿದರು.

ಈಗ ಎಲ್ಲ ತಣ್ಣಗಾಗಿದೆ, ಚಿಂತೆ ಮಾಡಬೇಡ. ಇವರು ಹೆಚ್ಚು ಮಾತಾಡುವುದಿಲ್ಲ, ಅಷ್ಟೆ. ನಾನು ಕೆಲಸಕ್ಕೆ ರಜೆ ಹಾಕಿದ್ದೇನೆ. ಗುಬ್ಬಿಯನ್ನು ತರಬೇತಿಗೆ ಸೇರಿಸಿಬಿಡು. ಅವಳಿಗೆ ನಿದ್ದೆಯಲ್ಲಿ ಬೆಚ್ಚುವ ಅಭ್ಯಾಸ, ಮಗ್ಗುಲಲ್ಲಿ ಮಲಗಿಸಿಕೋ. ಅಮ್ಮ ಯಾಕೆ ಬರಲಿಲ್ಲ ಎಂದು ಕೇಳಿದರೆ ಬರುತ್ತಾಳೆ ಎನ್ನು. ಈ ಮಳೆಗಾಲ ಒಂದು ಕಳೆಯಲಿ, ಖಂಡಿತ ಬರುತ್ತೇನೆ.

ಇಂತಿ ನಿನ್ನ ಪ್ರೀತಿಯ,
ತಂಗಿ

ಮರೆತ ಮಾತು: ಟೈಲರಮ್ಮ ಕಿಟಕಿಯ ಸರಳಿನೊಳಗೆ ಕೈ ಚಾಚಿ ಕಾಯುತ್ತಿದ್ದಾರೆ. ಕೊಡುವ ಮುಂಚೆ ಒಮ್ಮೆ ಓದಿಕೊಂಡೆ. ಮತ್ತೆ "ಕಳೆಯಲಿ" ಎಂದೇ ಬರೆದಿದ್ದೇನೆ. ಅಕ್ಕ, ಫೋನು ಕೆಟ್ಟಿಲ್ಲ, ಅವನ ಹತ್ತಿರ ಇದೆ. ರಜೆಯನ್ನೂ ನಾನು ಹಾಕಿಲ್ಲ. ಅವನು ಬೀದಿ ಬಾಗಿಲಿಗೆ ಹೊರಗಿನಿಂದ ಬೀಗ ಜಡಿದು ಹೋಗುತ್ತಾನೆ. ಅದು ಒಳಗಿದ್ದವರ ಕೈಗೆ ಎಟುಕುವುದಿಲ್ಲ. ಟೈಲರಮ್ಮನಿಗೆ ಯಾರಿಗೂ ಹೇಳಬೇಡಿ ಎಂದಿದ್ದೆ. ಈಗ ಹೇಳಿ ಎಂದಿದ್ದೇನೆ. ಪೊಲೀಸರನ್ನು ಕರೆದುಕೊಂಡು ಬಾ. ಇವತ್ತೇ ಬಾ.