ನಿಮ್ಮಣ್ಣ ಹೇಳಿದ ಬೆಲೆ

ಮನೆಯಿಂದ,
ಜೂನ್ ೧೪, ಭಾನುವಾರ ಮಧ್ಯಾಹ್ನ

ಮನೆಯೊಡತಿಗೆ,

ಸೊಂಟ ನೋವು ಹೇಗಿದೆ? ಮೊಮ್ಮಗಳನ್ನು ಇಡೀ ದಿನ ಎತ್ತಿಕೊಂಡೇ ಓಡಾಡಬೇಡ, ತೊಟ್ಟಿಲನ್ನು ದುಡ್ಡು ಕೊಟ್ಟೇ ತಂದದ್ದು. ಮಗಳಿಗೆ ನಿದ್ದೆ ಆಗುತ್ತಿದೆಯೇ? ನಾನು ಚೆನ್ನಾಗಿದ್ದೇನೆ, ಅಡುಗೆ ತಳ ಹಿಡಿಯುವುದು ಈಗ ದಿನ ಬಿಟ್ಟು ದಿನ ಮಾತ್ರ.

ಮೊದಲೇ ಹೇಳಿಬಿಡುತ್ತೇನೆ, ನಿಮ್ಮಣ್ಣನ ಮನೆ ಮಾರಾಟವಾಯಿತು. ನೀರು ಕುಡಿದು ಮುಂದೆ ಓದು. ಫೋನಿನಲ್ಲಿ ಹೇಳಿದ್ದರೆ ಅರ್ಧ ಕೇಳುವಷ್ಟರಲ್ಲೇ ನೀನು ಅಣ್ಣನ ಪಕ್ಷ ಹಿಡಿಯುತ್ತಿದ್ದೆ, ಅದಕ್ಕೇ ಈ ಕಾಗದ. ಹೆತ್ತವರಿಗೆ ಹೆಗ್ಗಣ ಮುದ್ದು, ಸುಣ್ಣ ಹೊಡೆಸಿದವರಿಗೆ ಗೋಡೆ ಮುದ್ದು. ತನ್ನ ಮನೆಗೆ ಕಾಲು ಭಾಗವಾದರೂ ಹೆಚ್ಚು ಹೇಳದ ಮಾಲೀಕ ಈ ಬ್ರೋಕರ್ ಕಣ್ಣಿಗೆ ಇನ್ನೂ ಬಿದ್ದಿಲ್ಲ. ನಿಮ್ಮಣ್ಣ ಅರ್ಧ ಭಾಗ ಹೆಚ್ಚು ಹೇಳಿದರು. ಸಾಲದ್ದಕ್ಕೆ, ಬಂದವರು ಮನೆ ಚೆನ್ನಾಗಿದೆ ಎಂದರೆ ಸಾಕು, ಮರುದಿನ ಇನ್ನಷ್ಟು ಏರಿಸುತ್ತಿದ್ದರು. ಇಷ್ಟಪಟ್ಟವರನ್ನೇ ಹುಡುಕಿ ಓಡಿಸುವ ವ್ಯಾಪಾರ ಅವರೊಬ್ಬರದೇ. ಇತ್ತ ನಿಮ್ಮತ್ತಿಗೆ ಆ ಮಂಡಿನೋವು ಇಟ್ಟುಕೊಂಡು ಮೂರನೇ ಮಹಡಿಯಿಂದ ಇಳಿದು ತಿಂಗಳುಗಳೇ ಆಗಿವೆ. ತರಕಾರಿಗೂ ಕಿಟಕಿಯಿಂದ ಬುಟ್ಟಿ ಇಳಿಸುತ್ತಾರೆ. ಅವರಿಗೆಂದು ನಾನು ಹುಡುಕಿಟ್ಟಿದ್ದ ನೆಲಮಹಡಿಯ ಮನೆಯವರು ಈ ತಿಂಗಳು ಮುಗಿದರೆ ಬೇರೆಯವರಿಗೆ ಕೊಡುತ್ತೇವೆ ಎಂದರು. ಬೆಲೆ ಇಳಿಸಿ ಎಂದರೆ ನಿಮ್ಮಣ್ಣ ಮುನಿಯುತ್ತಾರೆ, ಸುಮ್ಮನಿದ್ದರೆ ಅತ್ತಿಗೆ ಮೇಲೆಯೇ ಉಳಿಯುತ್ತಾರೆ.

ಹೋದ ವಾರ ಬೇರೆ ದಾರಿ ಹಿಡಿದೆ. ಎರಡು ಬೀದಿ ಆಚೆ ನಿವೃತ್ತ ಮೇಷ್ಟ್ರೊಬ್ಬರು ಅಂಥದ್ದೇ ಮೂರನೇ ಮಹಡಿಯ ಮನೆ ಮಾರಲು ಕೂತಿದ್ದಾರೆ, ಹೆಚ್ಚುಕಡಿಮೆ ಅದೇ ಬೆಲೆಗೆ. ಕೊಳ್ಳುವವರ ಕಣ್ಣಿನಿಂದ ಒಮ್ಮೆ ನೋಡಿ ಹೇಳಿ ಎಂದು ನಿಮ್ಮಣ್ಣನನ್ನು ಕರೆದೊಯ್ದೆ. ನೋಡಬೇಕಿತ್ತು ನೀನು. ನಲ್ಲಿ ತಿರುಗಿಸಿದರು, ಚೌಕಟ್ಟಿಗೆ ಗೆಣ್ಣಿನಿಂದ ಕುಟ್ಟಿದರು, ಅಡುಗೆಮನೆ ಕತ್ತಲೆ ಎಂದರು. ಬೆಲೆ ಕೇಳಿ ನಕ್ಕೇಬಿಟ್ಟರು. "ಮೇಷ್ಟ್ರೇ, ಇಷ್ಟು ಮೆಟ್ಟಿಲು ಹತ್ತಿ ಬಂದಿದ್ದಕ್ಕೆ ನೀವೇ ನಮಗೆ ಏನಾದ್ರೂ ಕೊಡಬೇಕು."

ಇಳಿಯುವಾಗ ತಿರುವಿನಲ್ಲಿ ಕಂಬಿ ಹಿಡಿದು ನಿಂತರು. "ನಮ್ಮನೇನೂ ಇಷ್ಟೇ ಅಲ್ವಾ ಭಾವ" ಅಂದರು. ನಾನು ಹೌದು ಅಂತಲೂ ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಬಾಯಿ ಮುಚ್ಚಿಕೊಂಡು ಗೆದ್ದ ವ್ಯಾಪಾರ ನನ್ನ ಜೀವಮಾನದಲ್ಲಿ ಇದೊಂದೇ. ಸಂಜೆ ಅವರೇ ನ್ಯಾಯವಾದ ಬೆಲೆ ಹೇಳಿದರು. ಹಿಂದೆ ಬೆಲೆ ಏರಿಸಿ ಓಡಿಸಿದ್ದ ನರ್ಸ್ ಮತ್ತು ಆಕೆಯ ಗಂಡ ತಿರುಗಿ ಬಂದರು. ನಿನ್ನೆ ಕರಾರಿಗೆ ಸಹಿ ಬಿತ್ತು, ನೆಲಮಹಡಿಯ ಮನೆಗೆ ಮುಂಗಡವೂ ಹೋಯಿತು. ಅತ್ತಿಗೆ ಕೇಳಿದ್ದು ಒಂದೇ, ಅಲ್ಲಿಯ ಹೊಸ್ತಿಲು ಎಷ್ಟು ಎತ್ತರ ಅಂತ. ರಾತ್ರಿ ನಾನು ಹೊರಳದೆ ಮಲಗಿದೆ.

ಮೊಮ್ಮಗಳಿಗೆ ಮುತ್ತು, ಮಗಳಿಗೂ ಅಳಿಯನಿಗೂ ಆಶೀರ್ವಾದ. ನಿನ್ನ ಪಾಲಿನದು ನೀನು ಬಂದಮೇಲೆ.

ಇಂತಿ ನಿನ್ನ,
ಬಾಯಿಬಡುಕ

ತಡಿ, ಮುಖ್ಯವಾದದ್ದೇ ಬಿಟ್ಟುಹೋಯಿತು. ಸಹಿಗೆ ಮುಂಚೆ ನಿಮ್ಮಣ್ಣ ನನ್ನನ್ನು ಪಕ್ಕಕ್ಕೆ ಕರೆದರು. "ಹಿಂದಿನ ಕೋಣೆ ತಂಗಿಗೆ ಅಂತ ಇಟ್ಕೊಂಡಿದ್ದೆ ಭಾವ. ನಿಮ್ದು ಬಾಯಿ ನಂಬ್ಕೊಂಡ ಕೆಲಸ, ಯಾವತ್ತು ನಿಂತುಹೋಗುತ್ತೋ ಅಂತ ಭಯ. ಅದಕ್ಕೇ ಮನೆ ಹೋಗದೇ ಇರಲಿ ಅನ್ನಿಸ್ತಿತ್ತು" ಅಂದರು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಹೊಸ ಮನೆಯಲ್ಲಿ ಇರುವುದು ಎರಡೇ ಕೋಣೆ, ಅದರಲ್ಲೂ ಒಂದನ್ನು ನಿನಗೆಂದು ಖಾಲಿ ಬಿಡುತ್ತಾರಂತೆ. ಇವತ್ತೇ ಫೋನ್ ಮಾಡು. ನನಗೆ ಕೋಣೆ ಬೇಡ ಅಣ್ಣ, ನಾನು ಚೆನ್ನಾಗಿದ್ದೇನೆ ಅಂತ ನೀನೇ ಹೇಳು. ನಾನು ಹೇಳಿದರೆ ಬ್ರೋಕರ್ ಮಾತು ಅಂದುಕೊಳ್ಳುತ್ತಾರೆ.